ನಾಲ್ಕನೆಯ ಬಾರಿ ಓದಲೇ, ಮೇಡಂ?

ಪ್ರಶ್ನೆ (ಹೈಸ್ಕೂಲ್ ವಿದ್ಯಾರ್ಥಿ): ಮೇ ತಿಂಗಳಲ್ಲಿ ಎಪಿ ಸೈಕಾಲಜಿ (ಅಮೆರಿಕದ ಹೈಸ್ಕೂಲ್‌ಗಳಲ್ಲಿ ಕಲಿಸುವ ಕಾಲೇಜು ಮಟ್ಟದ ಮನೋವಿಜ್ಞಾನ) ಪರೀಕ್ಷೆ ಇದೆ. ಪಠ್ಯವನ್ನು ಮೂರು ಬಾರಿ ಓದಿದ್ದೇನೆ, ಸಾಲುಸಾಲಿಗೂ ಹಳದಿ ಬಣ್ಣ ಬಳಿದಿದ್ದೇನೆ. ಆದರೂ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಸಲ ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಳ್ಳುತ್ತೇನೆ.

ಉತ್ತರ (ಸೈಕಾಲಜಿ ಶಿಕ್ಷಕಿ): ಇನ್ನೊಮ್ಮೆ ಓದಬೇಡ, ಪುಸ್ತಕ ಮುಚ್ಚಿಡು. ಓದಿದ್ದನ್ನೇ ಓದಿದರೆ ಪುಟದ ಗುರುತು ಸಿಗುತ್ತದೆ, ಅದನ್ನೇ ಕಲಿಕೆ ಎಂದು ನಂಬಿಬಿಡುತ್ತೇವೆ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದಿದ್ದವರು ಅವರನ್ನು ಹಿಂದಿಕ್ಕಿದರು. ಇದು ಟೆಸ್ಟಿಂಗ್ ಎಫೆಕ್ಟ್ ಎಂಬ ಹೆಸರಿನಲ್ಲಿ ನಿನ್ನ ಪಠ್ಯದಲ್ಲೂ ಇರುತ್ತದೆ; ಬಹುಶಃ ಅದಕ್ಕೂ ಹಳದಿ ಬಳಿದಿರುತ್ತೀಯೆ! ಎಲ್ಲಿ ಸಿಕ್ಕಿಕೊಂಡೆ, ಒಂದು ಉದಾಹರಣೆ ಕೊಡು.

ವಿದ್ಯಾರ್ಥಿ: ಸೀಟ್‌ಬೆಲ್ಟ್ ಹಾಕುವವರೆಗೂ ಕಾರು ಬೀಪ್ ಎನ್ನುತ್ತಿರುತ್ತದೆ. ಅದು ಕಿರಿಕಿರಿಯಲ್ಲವೇ, ಶಿಕ್ಷೆ ಎಂದು ಗುರುತಿಸಿದೆ. ತಪ್ಪಾಯಿತು.

ಶಿಕ್ಷಕಿ: ಹೆಚ್ಚಿನವರು ಎಡವುವುದು ಇಲ್ಲೇ. ಕಿರಿಕಿರಿಯನ್ನು ಮರೆತು, ನಡವಳಿಕೆ ಯಾವುದು, ಅದು ಹೆಚ್ಚಿತೋ ಇಳಿಯಿತೋ ಎಂದು ಮೊದಲು ನೋಡು. ಬೆಲ್ಟ್ ಹಾಕುವುದು ಹೆಚ್ಚಿತು, ಅಂದರೆ ರಿಇನ್‌ಫೋರ್ಸ್‌ಮೆಂಟ್, ನಡವಳಿಕೆಯನ್ನು ಬಲಪಡಿಸುವುದು; ಇಳಿದಿದ್ದರೆ ಪನಿಷ್‌ಮೆಂಟ್, ಶಿಕ್ಷೆ. ಬೆಲ್ಟ್ ಹಾಕಿದ ಕೂಡಲೇ ಸದ್ದು ಹೋಯಿತು, ಏನೋ ಕಳೆಯಿತು, ಹಾಗಾಗಿ ನೆಗೆಟಿವ್. ಇಲ್ಲಿ ನೆಗೆಟಿವ್ ಎಂದರೆ ಗಣಿತದ ಕಳೆಯುವ ಚಿಹ್ನೆ ಅಷ್ಟೇ, ಕೆಟ್ಟದ್ದು ಎಂದಲ್ಲ.

ವಿದ್ಯಾರ್ಥಿ: ಬರೆಯುವ ಭಾಗಕ್ಕೆ ಏನು ಮಾಡಲಿ?

ಶಿಕ್ಷಕಿ: ಬಹು ಆಯ್ಕೆಯ 75 ಪ್ರಶ್ನೆಗಳಿಗೆ 90 ನಿಮಿಷ, ಅಂಕದ ಮೂರನೆಯ ಎರಡು ಭಾಗ ಅಲ್ಲೇ. ಉಳಿದದ್ದು ಎರಡು ಬರವಣಿಗೆಯ ಪ್ರಶ್ನೆಗಳಿಗೆ, ಒಟ್ಟು 70 ನಿಮಿಷ. ಒಂದರಲ್ಲಿ ಒಂದು ಸಂಶೋಧನೆಯನ್ನು ಬಿಡಿಸಿ ನೋಡಬೇಕು, ಇನ್ನೊಂದರಲ್ಲಿ ಮೂರು ಸಂಶೋಧನೆಗಳ ಸಾಕ್ಷ್ಯ ಹಿಡಿದು ವಾದ ಕಟ್ಟಬೇಕು. ಬಾಯಿಪಾಠ ಮಾಡಿದ ವ್ಯಾಖ್ಯೆ ಅಲ್ಲಿ ನಡೆಯುವುದಿಲ್ಲ. 'ಒತ್ತಡವನ್ನು ಅಳೆದರು' ಎಂದರೆ ಸಾಲದು; ಹೇಗೆ ಅಳೆದರು, ಪ್ರಶ್ನಾವಳಿಯ ಅಂಕದಿಂದಲೋ ಹೃದಯ ಬಡಿತದಿಂದಲೋ ಎಂದು ಬರೆ. ಎರಡು ಸಂಗತಿಗಳು ಜೊತೆಯಾಗಿ ಏರಿದವು ಎಂದಷ್ಟೇ ಇದ್ದರೆ 'ಇದರಿಂದ ಅದು ಆಯಿತು' ಎಂದು ಬರೆಯಲೇಬೇಡ.

ಈಗ ಪುಸ್ತಕ ತೆರೆಯದೆ ಹೇಳು: ವೇಗವಾಗಿ ಓಡಿಸಿದವನಿಗೆ ದಂಡ ಬಿತ್ತು, ಆಮೇಲೆ ನಿಧಾನವಾಗಿ ಓಡಿಸತೊಡಗಿದ.

ವಿದ್ಯಾರ್ಥಿ: ವೇಗ ಇಳಿಯಿತು, ಆದ್ದರಿಂದ ಶಿಕ್ಷೆ. ಹಣ ಕೈಬಿಟ್ಟಿತು... ನೆಗೆಟಿವ್ ಪನಿಷ್‌ಮೆಂಟ್?

ಶಿಕ್ಷಕಿ: ಸರಿ. ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸು.