ಹೆಂಡತಿ, ಮಗಳಿಗೆ ಎಚ್‌ಐವಿ ಟೆಸ್ಟ್ ಮಾಡಿಸಬೇಕು, ಅನುಭವ ಇದ್ದವರು ಹೇಳಿ

ಜಗಳೂರಿನವ: ಕಳೆದ ತಿಂಗಳು ನನಗೆ ಪಾಸಿಟಿವ್ ಬಂತು. ಮಾತ್ರೆ ಶುರುವಾಗಿದೆ. ಹೆಂಡತಿಗೆ ಹೇಳಿಲ್ಲ. ಮಗಳಿಗೆ 6 ವರ್ಷ. ಇಬ್ಬರನ್ನೂ ಕರೆತನ್ನಿ ಅಂತ ಐಸಿಟಿಸಿ (ಸರ್ಕಾರಿ ಎಚ್‌ಐವಿ ಟೆಸ್ಟ್, ಕೌನ್ಸೆಲಿಂಗ್ ಕೇಂದ್ರ) ಮೇಡಂ ಎರಡು ಸಲ ಹೇಳಿದರು. ಬಾಯಿಯೇ ಬರುತ್ತಿಲ್ಲ. ನೀವೆಲ್ಲ ಹೇಗೆ ಮಾಡಿದಿರಿ?

ಚಳ್ಳಕೆರೆ ಅಮ್ಮ: ನನ್ನ ಗಂಡನಿಗೂ ಬಾಯಿ ಬರಲಿಲ್ಲ. 4 ವರ್ಷ ಬರಲಿಲ್ಲ. ಮಾತ್ರೆ ಡಬ್ಬಿ ಶೇಂಗಾ ಚೀಲದ ಹಿಂದೆ ಇಡುತ್ತಿದ್ದರು. ಕೇಳಿದರೆ ಬಿಪಿ ಅನ್ನುತ್ತಿದ್ದರು. ಮಗನಿಗೆ 8 ತುಂಬಿದಾಗ ಜ್ವರ, ಕೆಮ್ಮು. ಖಾಸಗಿ ಆಸ್ಪತ್ರೆಯಲ್ಲಿ 11 ದಿನ. ಬೆಡ್ಡು, ಸ್ಕ್ಯಾನು, ಔಷಧಿ ಸೇರಿ 64,300 ರೂಪಾಯಿ. ತವರಿನವರು ಹಾಕಿದ್ದ ಎರಡೆಳೆ ಸರ ಅಡ ಇಟ್ಟೆ. ಬಿಡಿಸಲು ಆಗಲೇ ಇಲ್ಲ. ಮೊದಲು ಟಿಬಿ ಅಂದರು, ಆಮೇಲೆ ಎಚ್‌ಐವಿ. ಆಮೇಲೆ ನನ್ನ ಟೆಸ್ಟೂ ಪಾಸಿಟಿವ್ ಬಂತು. ಅಲ್ಲಿಯವರೆಗೆ ಮಗ ಚೆನ್ನಾಗಿ ಓಡಾಡಿಕೊಂಡಿದ್ದ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಹುಟ್ಟಿನಿಂದ ಬಂದದ್ದು ಎಷ್ಟೋ ವರ್ಷ ಸುಮ್ಮನಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಗುವ ಟೆಸ್ಟು! ಈಗ ಅವನಿಗೆ 15. ಒಂದು ದಿನವೂ ಮಾತ್ರೆ ತಪ್ಪಿಸಲ್ಲ. ಆ 4 ವರ್ಷವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹರಿಹರದ ಡ್ರೈವರ್: ಎಲ್ಲ ಗಂಡಸರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಮ್ಮ. ನಾನು 9ನೇ ದಿನಕ್ಕೇ ಕರೆದುಕೊಂಡು ಹೋದೆ. ಮನೆಯಲ್ಲಿ ಹೇಳಲಿಲ್ಲ, ಕೌನ್ಸೆಲರ್ ಎದುರು ಹೇಳಿದೆ. ಅವಳು ಎದ್ದು ಹೋಗಿ ಬೆಂಚಿನ ಮೇಲೆ ಒಂದು ಗಂಟೆ ಕೂತಳು. ಆಮೇಲೆ ತಾನೇ ಬಂದು ತೋಳು ಚಾಚಿದಳು. ನೆಗೆಟಿವ್. 3 ತಿಂಗಳು ಬಿಟ್ಟು ಮತ್ತೆ ಮಾಡಿಸಿದೆವು, ಆಗಲೂ ನೆಗೆಟಿವ್. ತಾಯಿಗೇ ಇಲ್ಲ ಅಂದಮೇಲೆ ಮಕ್ಕಳಿಗೆ ಬೇಡ ಅಂದರು. ಎರಡು ಲೋಡ್ ಬಿಟ್ಟೆ, 7,000 ಹೋಯಿತು. ಅವಳು ಎರಡು ತಿಂಗಳು ತವರಿನಲ್ಲಿದ್ದಳು. ವಾಪಸ್ ಬಂದಳು. ಈಗ ನನ್ನ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಟೆಸ್ಟಿನಲ್ಲಿ ಕಾಣುವುದೇ ಇಲ್ಲ. ಅವಳಿಗೆ ಹರಡಲ್ಲ ಅಂತ ಡಾಕ್ಟರೇ ಕೂರಿಸಿ ಹೇಳಿದ್ದಾರೆ.

ದುರ್ಗದ ಸೊಸೆ: ನನಗೆ ಬಸಿರಿನಲ್ಲಿ ಗೊತ್ತಾಯಿತು. ಮಗುವಿಗೆ ಹುಟ್ಟಿದಾಗಿಂದ ಸಿರಪ್. 6 ವಾರಕ್ಕೆ ಹಿಮ್ಮಡಿ ಚುಚ್ಚಿ ಕಾರ್ಡಿನ ಮೇಲೆ ರಕ್ತದ ಹನಿ ತೆಗೆದರು. ಕೊನೇ ಟೆಸ್ಟ್ 18 ತಿಂಗಳಿಗೆ. ನೆಗೆಟಿವ್ ಅಂದ ದಿನ ಬಸ್ಸಿನಲ್ಲೇ ಅತ್ತೆ. ಗಂಡ ಮಾತ್ರ ಬರಲೇ ಇಲ್ಲ. ಶುಗರ್ ಟೆಸ್ಟ್ ಅಂತ ಹೇಳಿ ಒಂದು ಲ್ಯಾಬಿಗೆ ಕರೆದೊಯ್ದು, 600 ಕೊಟ್ಟು ಇದನ್ನೂ ಮಾಡಿಸಿದೆ. ಪಾಸಿಟಿವ್. ನಾನು ಮಾಡಿದ್ದು ಸರಿ.

ಹರಿಹರದ ಡ್ರೈವರ್: ಸರಿ ಹೇಗಾಗುತ್ತದೆ? 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ. ನನಗೆ ಹಾಗೆ ಮಾಡಿದ್ದರೆ ಆಸ್ಪತ್ರೆ ಕಡೆ ತಲೆಯೇ ಹಾಕುತ್ತಿರಲಿಲ್ಲ.

ದುರ್ಗದ ಸೊಸೆ: ಎರಡು ವರ್ಷ ಕಾಲು ಹಿಡಿದೆ. ಆಗ ಕಾಯ್ದೆ ಎಲ್ಲಿತ್ತು?

ಚಳ್ಳಕೆರೆ ಅಮ್ಮ: ಅವಳನ್ನು ಬಯ್ಯಬೇಡಿ. ಮೊದಲು ಮುಚ್ಚಿಟ್ಟವರನ್ನು ಕೇಳಿ.

ಹೊಳಲ್ಕೆರೆಯವ: ಊರಲ್ಲೇ ಮಾಡಿಸಬೇಡಿ. ನಾನು ದಾವಣಗೆರೆಗೇ ಹೋಗುತ್ತೇನೆ.

ದುರ್ಗದ ಸೊಸೆ: ದೂರ ಅಂತ ಮಾತ್ರೆ ತಪ್ಪಿಸಿದವರನ್ನು ನೋಡಿದ್ದೇನೆ. ಹತ್ತಿರದ್ದೇ ಒಳ್ಳೆಯದು.

ಹೊಳಲ್ಕೆರೆಯವ: ನಿಮಗೆ ಬಸ್ ಫ್ರೀ, ನನಗೆ ದುಡ್ಡು. ಆದರೂ 5 ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿಲ್ಲ.

ಜಗಳೂರಿನವ: ಸೋಮವಾರ ಮಾತ್ರೆಗೆ ಹೋಗಬೇಕು. ನೀನೂ ಬಾ ಅಂದಿದ್ದೇನೆ. ಯಾಕೆ ಅಂದಳು. ಅಲ್ಲಿ ಹೇಳುತ್ತೇನೆ ಅಂದೆ.

ಹರಿಹರದ ಡ್ರೈವರ್: ಹಾಗೇ ಮಾಡಿ ಅಣ್ಣ. ಕೌನ್ಸೆಲರ್ ಎದುರೇ ಹೇಳಿ. ಅಲ್ಲಿಯವರೆಗೆ ತಡೆಯಲು ಆಗದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ಚಳ್ಳಕೆರೆ ಅಮ್ಮ: ಸೋಮವಾರದವರೆಗೆ ಅವಳು ನಿದ್ದೆ ಮಾಡುತ್ತಾಳಾ ತಮ್ಮಾ? ಇವತ್ತೇ ಹೇಳು.