ಹಳೇ ಬೋಟಿಗೆ ಒಂದು 300 ಎಚ್‌ಪಿಯೋ, ಎರಡು 150 ಎಚ್‌ಪಿಯೋ?

ಹಳೇಬೋಟು: ನನ್ನದು 24 ಅಡಿಯ ಫೈಬರ್ ಬೋಟು, 1989ರದ್ದು, ವಿ ಆಕಾರದ ತಳ. ಒಂದೇ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗಡೆ ಸಿಗಿಸುವ ಎಂಜಿನ್, ಇತ್ತು, ಅದರ ಕಥೆ ಮುಗಿಯಿತು. ಈಗ ಫೋರ್-ಸ್ಟ್ರೋಕ್ ಹಾಕಬೇಕು. ದಡದಿಂದ 30 ಕಿಲೋಮೀಟರ್ ಆಚೆ ಹೋಗಿ ಗಾಳ ಹಾಕುವವನು ನಾನು. ಬೋಟಿನ ಫಲಕದಲ್ಲಿ ಗರಿಷ್ಠ 300 ಎಚ್‌ಪಿ ಎಂದಿದೆ. ಒಂದು 300 ಹಾಕಲೋ, ಎರಡು 150 ಹಾಕಲೋ? ಅನುಭವ ಇದ್ದವರು ಹೇಳಿ.

ಉಪ್ಪುನೀರು: ಎರಡು. ಇದರಲ್ಲಿ ಕೇಳುವುದೇನಿದೆ? ಅಷ್ಟು ದೂರದಲ್ಲಿ ಇದ್ದ ಒಂದು ಎಂಜಿನ್ ಕೈಕೊಟ್ಟರೆ ನೀವು ಬರೀ ತೇಲುವ ಕೊರಡು. ನನ್ನ ಬೋಟಿನಲ್ಲಿ ಒಂದರ ಗೇರ್ ಮುರಿದಿತ್ತು. ಇನ್ನೊಂದರಲ್ಲಿ ದಡಕ್ಕೆ ಬಂದೆ. ಆವತ್ತಿನಿಂದ ಈ ವಿಷಯದಲ್ಲಿ ನನಗೆ ಚರ್ಚೆಯೇ ಬೇಡ.

ಸ್ಪ್ಯಾನರ್: ಚರ್ಚೆ ಬೇಡದವರು ಮೊದಲು ಬಂದು ಬರೆದಿದ್ದಾರೆ, ಇರಲಿ. ತೂಕ ನೋಡಿ. ಯಮಹಾ ಎಫ್150 ಒಂದಕ್ಕೆ ಸುಮಾರು 220 ಕೆಜಿ. ಎರಡಕ್ಕೆ 440. ಅದೇ ಕಂಪನಿಯ 4.2 ಲೀಟರ್ ವಿ6 ಎಫ್300 ಸುಮಾರು 255 ಕೆಜಿ. ಅಂದರೆ ಇಬ್ಬರು ದಪ್ಪ ಆಸಾಮಿಗಳನ್ನು ಹಗಲು ರಾತ್ರಿ ಬೋಟಿನ ಬಾಲದ ಮೇಲೆ ಕೂರಿಸಿದ ಹಾಗೆ. 1989ರ ಬೋಟನ್ನು ಹಗುರದ ಟೂ-ಸ್ಟ್ರೋಕ್ ಲೆಕ್ಕದಲ್ಲಿ ಮಾಡಿದ್ದು. ಹಿಂಭಾಗ ಕುಸಿದರೆ ಡೆಕ್ಕಿನ ನೀರು ಹೊರಹೋಗುವ ತೂತುಗಳು ನೀರಿನ ಮಟ್ಟಕ್ಕಿಂತ ಕೆಳಗಾಗುತ್ತವೆ. ಆಮೇಲೆ ಬೋಟು ನಿಂತಲ್ಲೇ ಕಾಲಿಗೆ ನೀರು.

ಉಪ್ಪುನೀರು: "ದಪ್ಪ ಆಸಾಮಿ" ಅಂತೆ! ಬ್ಯಾಟರಿಗಳನ್ನು ಮುಂದಕ್ಕೆ ಹಾಕಿ, ಐಸ್ ಪೆಟ್ಟಿಗೆಯನ್ನೂ ಮುಂದಕ್ಕೆ ತಳ್ಳಿ. ಮುಗಿಯಿತು.

ಮರಗೆಲಸ: ಸ್ವಲ್ಪ ನಿಲ್ಲಿ. ಎಂಜಿನ್ ಕೂರುವ ಹಿಂಬದಿ ಗೋಡೆ, ಟ್ರಾನ್ಸಮ್, ಅದನ್ನು ಯಾರಾದರೂ ನೋಡಿದ್ದೀರಾ? ಆ ಕಾಲದ ಎಷ್ಟೋ ಬೋಟುಗಳಲ್ಲಿ ಫೈಬರ್ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದು ಮರ ಕೊಳೆಯುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಕೊಳೆತಿದ್ದರೆ ಬದ್ ಅನ್ನುತ್ತದೆ. ಅದು ಗೊತ್ತಾಗದೆ ಒಂದೋ ಎರಡೋ ಅನ್ನುವುದು ಸುಮ್ನೆ ಮಾತು.

ಲೆಕ್ಕಾಚಾರ: ಎರಡು ಎಂಜಿನ್ ಇದ್ದರೆ ಒಂದಲ್ಲ ಒಂದು ಕೆಡುವ ಸಾಧ್ಯತೆ ಹೆಚ್ಚುಕಡಿಮೆ ದುಪ್ಪಟ್ಟು. ಎರಡೂ ಒಟ್ಟಿಗೆ ಕೆಡುವುದು ಮಾತ್ರ ತೀರಾ ಅಪರೂಪ. ಇದು ಸರಳ ಗಣಿತ.

ಸ್ಪ್ಯಾನರ್: "ತೀರಾ ಅಪರೂಪ" ಅಂತೆ. ಒಂದೇ ಟ್ಯಾಂಕಿನಿಂದ ಎರಡಕ್ಕೂ ಪೆಟ್ರೋಲ್ ಹೋಗುತ್ತಿದ್ದರೆ? ನಾನು ರಿಪೇರಿ ಮಾಡಿದ ಒಂದು ಬೋಟಿನಲ್ಲಿ ಟ್ಯಾಂಕಿಗೆ ನೀರು ಸೇರಿ ಐದು ನಿಮಿಷದ ಅಂತರದಲ್ಲಿ ಎರಡೂ ಎಂಜಿನ್ ನಿಂತಿದ್ದವು. ನಿಮ್ಮ ಗಣಿತ ಎರಡಕ್ಕೂ ಬೇರೆ ಟ್ಯಾಂಕ್, ಬೇರೆ ಫಿಲ್ಟರ್, ಬೇರೆ ಬ್ಯಾಟರಿ ಇದ್ದರೆ ಮಾತ್ರ ನಡೆಯುತ್ತದೆ. ಸ್ಟೇರಿಂಗ್ ಎಣ್ಣೆ ಸೋರಿದರಂತೂ ಸರಳು ಹಾಕಿ ಜೋಡಿಸಿದ ಎರಡೂ ಒಟ್ಟಿಗೇ ಹೋಗುತ್ತವೆ.

ಬಲೆಗಾರ: ಇನ್ನೊಂದು ವಿಷಯ. ವಿ ತಳದ ಮಧ್ಯದಲ್ಲಿ ಒಂದೇ ಎಂಜಿನ್ ಇದ್ದರೆ ಪ್ರೊಪೆಲ್ಲರ್ ಆಳದಲ್ಲಿ ಇರುತ್ತದೆ. ಎರಡಾದರೆ ಅಕ್ಕಪಕ್ಕ ಸ್ವಲ್ಪ ಮೇಲೆ ಕೂರುತ್ತವೆ. ಜೋರಾಗಿ ತಿರುಗಿಸಿದಾಗ ಹೊರಬದಿಯ ಎಂಜಿನ್ ಕ್ಯಾವಿಟೇಶನ್ ಆಗಿ ಕೂಗಿಕೊಳ್ಳುತ್ತದೆ.

ಪದಶುದ್ಧಿ: ಅದು ಕ್ಯಾವಿಟೇಶನ್ ಅಲ್ಲ. ವೆಂಟಿಲೇಶನ್.

ಬಲೆಗಾರ: ಎಷ್ಟೋ ಎಂಜಿನ್‌ಗಳ ಮ್ಯಾನ್ಯುಯಲ್‌ನಲ್ಲಿ ಪ್ರೊಪೆಲ್ಲರ್ ಮೇಲಿನ ತಟ್ಟೆಗೆ "ಆ್ಯಂಟಿ-ಕ್ಯಾವಿಟೇಶನ್ ಪ್ಲೇಟ್" ಎಂದೇ ಬರೆದಿದೆ. ಎಂಜಿನ್ ಮಾಡಿದವರಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಪದಶುದ್ಧಿ: ತಟ್ಟೆಗೆ ಅಂಟಿಕೊಂಡಿರುವ ಹೆಸರೇ ತಪ್ಪು. ನೀರಿನ ಮೇಲಿನ ಗಾಳಿಯನ್ನೋ ಎಂಜಿನ್ ಹೊಗೆಯನ್ನೋ ಪ್ರೊಪೆಲ್ಲರ್ ಒಳಗೆ ಎಳೆದುಕೊಂಡರೆ ಅದು ವೆಂಟಿಲೇಶನ್. ಆ ತಟ್ಟೆ ತಡೆಯುವುದು ಗಾಳಿಯನ್ನು. ಕ್ಯಾವಿಟೇಶನ್ ಎಂದರೆ ಪ್ರೊಪೆಲ್ಲರ್ ಎಲೆಯ ಮೇಲೆ ಒತ್ತಡ ತೀರಾ ಇಳಿದು ತಣ್ಣನೆಯ ನೀರೇ ಕುದಿದು ಆವಿ ಗುಳ್ಳೆಯಾಗುವುದು. ಆ ಗುಳ್ಳೆಗಳು ಒಡೆದು ಲೋಹದಲ್ಲಿ ಗುಳಿ ಬೀಳುತ್ತದೆ. ಇದಕ್ಕೆ ಹೊರಗಿನ ಗಾಳಿ ಬೇಕಾಗಿಯೇ ಇಲ್ಲ.

ಬಲೆಗಾರ: "ಗುಳಿ ಬೀಳುತ್ತದೆ" ಅಂದಿರಲ್ಲ, ನನ್ನ ಪ್ರೊಪೆಲ್ಲರ್ ತುಂಬಾ ಗುಳಿ ಇದೆ. ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತು.

ಪದಶುದ್ಧಿ: ಉಪ್ಪು ನೀರಿನ ಸವೆತಕ್ಕೂ ಗುಳಿ ಬೀಳುತ್ತದೆ. ಎಲೆಯ ಅಂಚು ಚಕ್ಕೆ ಎದ್ದಿದ್ದರೂ ಅದರ ಹಿಂದೆ ಬೀಳುತ್ತದೆ. ತಿರುವಿನಲ್ಲಿ ಎಂಜಿನ್ ಕೂಗಿಕೊಳ್ಳುವುದಕ್ಕೂ ನಿಮ್ಮ ಗುಳಿಗೂ ಏನು ಸಂಬಂಧ?

ಬಲೆಗಾರ: 22 ವರ್ಷದಿಂದ ಸಮುದ್ರದಲ್ಲಿ ಇದ್ದೇನೆ ಸ್ವಾಮಿ. ನೀವು ನಿಘಂಟು ಹಿಡಿದುಕೊಂಡು ದಡದಲ್ಲೇ ಕೂತಿರಿ.

ಪದಶುದ್ಧಿ: 22 ವರ್ಷ ತಪ್ಪು ಹೆಸರಿನಿಂದ ಕರೆದರೆ ಅದು ಸರಿಯಾಗುವುದಿಲ್ಲ.

ಉಪ್ಪುನೀರು: ಕ್ಯಾವಿಟೇಶನ್ ಮಾತು ಬಂತು, ಒಳ್ಳೆಯದಾಯಿತು. ಚಾರ್ಲ್ಸ್ ಪಾರ್ಸನ್ಸ್ ಎಂಬ ಎಂಜಿನಿಯರ್ ಉಗಿ ಟರ್ಬೈನ್ ಹಾಕಿ ಮಾಡಿದ ಟರ್ಬಿನಿಯಾ ಹಡಗು ಗೊತ್ತಲ್ಲ? 1894ರಲ್ಲಿ ಒಂದೇ ಪ್ರೊಪೆಲ್ಲರ್ ಹಾಕಿ ನೋಡಿದರು, ಇದೇ ಕ್ಯಾವಿಟೇಶನ್‌ನಿಂದ ವೇಗವೇ ಬರಲಿಲ್ಲ. ಆಮೇಲೆ ಮೂರು ಶಾಫ್ಟ್, ಒಂಬತ್ತು ಪ್ರೊಪೆಲ್ಲರ್ ಹಾಕಿದರು. 34 ನಾಟ್, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್, ಓಡಿತು. ಒಂದು ಸಾಲದು ಅಂತ ಆಗಲೇ ಗೊತ್ತಾಗಿತ್ತು!

ಸ್ಪ್ಯಾನರ್: ಅಯ್ಯೋ ದೇವರೇ. ಅದರಲ್ಲಿ ಟರ್ಬೈನ್‌ಗೂ ಪ್ರೊಪೆಲ್ಲರ್‌ಗೂ ಮಧ್ಯೆ ಗೇರ್ ಇರಲಿಲ್ಲ, ಪ್ರೊಪೆಲ್ಲರ್ ವಿಪರೀತ ವೇಗವಾಗಿ ಸುತ್ತುತ್ತಿತ್ತು. ಎಫ್150ರಲ್ಲಿ ಗೇರ್ ಅನುಪಾತ 2:1. ಎಂಜಿನ್ 6,000 ಸುತ್ತಿದರೆ ಪ್ರೊಪೆಲ್ಲರ್ 3,000. ಟರ್ಬಿನಿಯಾ ತೋರಿಸಿ ಮೀನು ಹಿಡಿಯುವ ಬೋಟಿಗೆ ಎಂಜಿನ್ ಮಾರುತ್ತಿದ್ದೀರಲ್ಲ!

ಪದಶುದ್ಧಿ: ಟರ್ಬಿನಿಯಾದಲ್ಲಿ ಆಗಿದ್ದು ನಿಜವಾದ ಕ್ಯಾವಿಟೇಶನ್. ಬಲೆಗಾರರು ಗಮನಿಸಬೇಕು.

ಬಲೆಗಾರ: ಗಮನಿಸಿದೆ. ನಾನು ಕ್ಯಾವಿಟೇಶನ್ ಅಂತಲೇ ಕರೆಯುತ್ತೇನೆ.

ಹಳೇಬೋಟು: ಅಣ್ಣಂದಿರೇ, ನನ್ನದು ಟರ್ಬಿನಿಯಾ ಅಲ್ಲ. ಎರಡರಲ್ಲಿ ಒಂದು ಕೆಟ್ಟರೆ ಇನ್ನೊಂದರಲ್ಲಿ ಎಷ್ಟು ವೇಗದಲ್ಲಿ ವಾಪಸ್ ಬರಬಹುದು, ಅದು ಹೇಳಿ.

ಸ್ಪ್ಯಾನರ್: ತೆವಳಿಕೊಂಡು. ಪ್ರೊಪೆಲ್ಲರ್ ಪಿಚ್, ಅಂದರೆ ಒಂದು ಸುತ್ತಿಗೆ ಅದು ಎಷ್ಟು ಮುಂದೆ ತಳ್ಳಬೇಕು ಅನ್ನುವ ಅಳತೆ, ಆರಿಸುವುದು ಎರಡೂ ಎಂಜಿನ್ ಓಡುವ ಲೆಕ್ಕದಲ್ಲಿ. ಒಂದೇ ಎಳೆಯುವಾಗ ಅದಕ್ಕೆ ಭಾರ ಹೆಚ್ಚಾಗಿ ಸುತ್ತು ಏರುವುದಿಲ್ಲ. ನಿಮ್ಮಂಥ ಬೋಟು ತುಂಬಿದ ಸಾಮಾನಿನಲ್ಲಿ ನೀರಿನ ಮೇಲೆದ್ದು ಓಡುವುದು ಕಷ್ಟ. 6 ನಾಟ್ ಅಂದುಕೊಳ್ಳಿ, 30 ಕಿಲೋಮೀಟರ್‌ಗೆ ಎರಡೂಮುಕ್ಕಾಲು ಗಂಟೆ. ಸತ್ತ ಎಂಜಿನ್ನನ್ನು ಮೇಲಕ್ಕೆ ಎತ್ತುವುದು ಮರೆತರೆ ಇನ್ನೂ ಜಾಸ್ತಿ.

ಉಪ್ಪುನೀರು: "ತೆವಳಿಕೊಂಡು" ಅಂದರೂ ಬರುತ್ತದೆ ಅಂತಲೇ ಅರ್ಥ ಅಲ್ವಾ? ನಿಮ್ಮ ಒಂಟಿ 300 ಕೆಟ್ಟರೆ ಎಷ್ಟು ನಾಟ್?

ಲೆಕ್ಕಾಚಾರ: ಸೊನ್ನೆ.

ಸ್ಪ್ಯಾನರ್: ಸೊನ್ನೆ ಯಾಕೆ? ದೊಡ್ಡದರ ಪಕ್ಕದಲ್ಲಿ 9.9 ಎಚ್‌ಪಿಯ ಮರಿ ಎಂಜಿನ್ ಹಾಕಿ, ಅದಕ್ಕೆ ಬೇರೆ ಸಣ್ಣ ಟ್ಯಾಂಕ್ ಕೊಡಿ. ತೂಕ ಸುಮಾರು 45 ಕೆಜಿ. ಗಾಳ ಎಳೆದುಕೊಂಡು ನಿಧಾನ ಹೋಗುವುದಕ್ಕೂ ಆಯಿತು, ವಾಪಸ್ ಬರುವುದಕ್ಕೂ ಆಯಿತು. ಎರಡು ದೊಡ್ಡ ಎಂಜಿನ್ ಅಂದರೆ ಎಣ್ಣೆ, ಪ್ಲಗ್, ತಂಪು ನೀರು ಎತ್ತುವ ಇಂಪೆಲ್ಲರ್, ಸವೆತ ತಡೆಯುವ ಸತುವಿನ ತುಂಡು ಎಲ್ಲವೂ ಎರಡೆರಡು ಸಲ ಬದಲಿಸಬೇಕು.

ಉಪ್ಪುನೀರು: 9.9! ಎದುರು ಗಾಳಿ ಬಂದಾಗ ಆ ಮರಿಯನ್ನು ನಂಬಿದರೆ ದಡ ನಿಮ್ಮಿಂದ ದೂರ ಓಡುತ್ತದೆ.

ಲೆಕ್ಕಾಚಾರ: ಗಾಳಿಯ ವೇಗ ಎಷ್ಟು ಅಂತ ಹೇಳದೆ ಈ ಮಾತಿಗೆ ಅರ್ಥವಿಲ್ಲ.

ಉಪ್ಪುನೀರು: ಗಾಳಿಯ ಹತ್ತಿರವೇ ಕೇಳಿಕೊಂಡು ಬನ್ನಿ.

ಮರಗೆಲಸ: ಹಳೇಬೋಟು ಅವರೇ, ಸುತ್ತಿಗೆ ತಟ್ಟಿದಿರಾ? ಇನ್ನೊಂದು ಕೆಲಸ. 440 ಕೆಜಿಯಷ್ಟು ಜನರನ್ನು, ಅಂದರೆ ಆರೇಳು ಜನರನ್ನು, ಎಂಜಿನ್ ಇಲ್ಲದ ಬೋಟಿನ ಹಿಂದಿನ ತುದಿಗೆ ನಿಲ್ಲಿಸಿ. ತೂತುಗಳಿಂದ ನೀರು ಒಳಗೆ ಬರುತ್ತದಾ ನೋಡಿ. ದಡದ ಹತ್ತಿರವೇ ಮಾಡಿ ಮತ್ತೆ.

ಹಳೇಬೋಟು: ಈಗ ತಟ್ಟಿ ಬಂದೆ. ಮೇಲುಗಡೆ ಟಣ್ ಅನ್ನುತ್ತದೆ. ಕೆಳಗಿನ ಎರಡು ಬೋಲ್ಟಿನ ಸುತ್ತ ಒಂದು ಗೇಣಿನಷ್ಟು ಬದ್ ಅನ್ನುತ್ತದೆ. ಒಳಗಿನಿಂದ ಸಣ್ಣ ತೂತು ಕೊರೆದೆ. ಬಂದ ಮರದ ಪುಡಿ ಕಪ್ಪಗೆ, ಒದ್ದೆಯಾಗಿತ್ತು. ಜನರನ್ನು ನಿಲ್ಲಿಸುವ ಪರೀಕ್ಷೆ ಆಮೇಲೆ ಮಾಡುತ್ತೇನೆ. ಸದ್ಯ ಎಂಜಿನ್ ವಿಚಾರ ಪಕ್ಕಕ್ಕೆ.

ಉಪ್ಪುನೀರು: ಬೇಜಾರಾಯಿತು. ಆದರೆ ಟ್ರಾನ್ಸಮ್ ಹೇಗೂ ಹೊಸದಾಗಿ ಕಟ್ಟಬೇಕಲ್ಲ, ಎರಡು ಎಂಜಿನ್ ತಡೆಯುವ ಹಾಗೆ ಕಟ್ಟಿಬಿಡಿ.

ಸ್ಪ್ಯಾನರ್: ಟ್ರಾನ್ಸಮ್ ಗಟ್ಟಿಯಾದ ಮಾತ್ರಕ್ಕೆ ಬೋಟಿನ ಬಾಲ ಮೇಲೇಳುತ್ತದಾ? ಡೆಕ್ಕಿನ ತೂತಿನ ಪ್ರಶ್ನೆಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ಉಪ್ಪುನೀರು: ಕೊಟ್ಟಿದ್ದೇನೆ. ಐಸ್ ಪೆಟ್ಟಿಗೆ ಮುಂದಕ್ಕೆ.