ಗೇಮ್ ತಯಾರಿಕೆ ಪ್ರಶ್ನೋತ್ತರ: ಒಂದೇ ಆಟ, ಎರಡು ಕಂಪ್ಯೂಟರುಗಳಲ್ಲಿ ಎರಡು ವೇಗ

ಪ್ರಶ್ನೆ: ಮೇಡಂ, ನನಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ. ಸಾವಿರಾರು ಜನ ಒಟ್ಟಿಗೆ ಆಡುವಂತಹ ದೊಡ್ಡ ಆಟವನ್ನು ಮಾಡುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಒಂದೇ ಪರದೆಯಲ್ಲಿ ಮುಗಿಯುವ ಆಟದಿಂದ. 1972ರ ‘ಪಾಂಗ್’ನಲ್ಲಿ ಇದ್ದದ್ದು ಎರಡು ಪಟ್ಟಿ, ಒಂದು ಚೆಂಡು ಮತ್ತು ಅಂಕ, ಅಷ್ಟೇ. ಅಂಥದ್ದೊಂದನ್ನು ಕಟ್ಟಿ ಮುಗಿಸಿದರೆ ಚಲನೆ, ಡಿಕ್ಕಿ, ಸೋಲು ಗೆಲುವಿನ ಲೆಕ್ಕ ಎಲ್ಲವೂ ಕೈಗೆ ಹತ್ತುತ್ತವೆ.

ಪ್ರಶ್ನೆ: ಆಟ ಕಟ್ಟುವ ತಂತ್ರಾಂಶಗಳಲ್ಲಿ, ಅಂದರೆ ಎಂಜಿನ್‌ಗಳಲ್ಲಿ, ಹೊಸಬರಿಗೆ ಯೂನಿಟಿ ಒಳ್ಳೆಯದೋ, ಗೊಡಾಟ್ ಒಳ್ಳೆಯದೋ?

ಉತ್ತರ: ಎರಡೂ ಆಗುತ್ತದೆ. ಒಂದನ್ನು ಆರಿಸಿಕೊಂಡು, ಮೊದಲ ಆಟ ಮುಗಿಯುವವರೆಗೆ ಬದಲಿಸಬೇಡಿ.

ಪ್ರಶ್ನೆ: ನನ್ನ ಆಟದ ಪಾತ್ರವು ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಓಡಿ ಹಳ್ಳವನ್ನು ಹಾರುತ್ತದೆ. ಅದೇ ಆಟ ಅಣ್ಣನ ಕಂಪ್ಯೂಟರಿನಲ್ಲಿ ದುಪ್ಪಟ್ಟಿಗಿಂತಲೂ ಹೆಚ್ಚು ವೇಗವಾಗಿ ಓಡುತ್ತದೆ. ಕೋಡ್‌ನಲ್ಲಿ ‘ಪ್ರತಿ ಫ್ರೇಮಿಗೆ 5 ಪಿಕ್ಸೆಲ್ ಮುಂದೆ’ ಎಂದು ಬರೆದಿದ್ದೇನೆ. ಅಣ್ಣನದು 144 ಹರ್ಟ್ಸ್ ಪರದೆ, ನನ್ನದು 60.

ಉತ್ತರ: ಪರದೆಯ ವಿವರವನ್ನೂ ಕೊಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಉತ್ತರ ಅದರಲ್ಲೇ ಇದೆ. ಹರ್ಟ್ಸ್ ಎಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ ಎಂಬ ಲೆಕ್ಕ, ಆ ಒಂದೊಂದು ಚಿತ್ರವೇ ಫ್ರೇಮ್. ನಿಮ್ಮಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 300 ಪಿಕ್ಸೆಲ್. ಅಣ್ಣನಲ್ಲಿ 144 ಫ್ರೇಮ್, ಅಂದರೆ 720 ಪಿಕ್ಸೆಲ್. ನೀವು ವೇಗವನ್ನು ಕಾಲದಲ್ಲಿ ಅಳೆಯದೆ ಫ್ರೇಮಿನಲ್ಲಿ ಅಳೆದಿದ್ದೀರಿ. ಇದು ಹಳೆಯ ಸಂಗತಿ: 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆ ಚಿತ್ರಿಸುವ ಹೊರೆ ಇಳಿದು ಉಳಿದವರ ವೇಗ ಹೆಚ್ಚುತ್ತಿತ್ತು, ಅಲ್ಲಿ ಅದೇ ಆಟದ ಸೊಗಸಾಯಿತು, ನಿಮ್ಮಲ್ಲಿ ಆಗುವುದಿಲ್ಲ. ಓಟದ ವೇಗವನ್ನು ಸೆಕೆಂಡಿಗೆ 300 ಎಂದು ಬರೆದು, ಹಿಂದಿನ ಫ್ರೇಮಿನಿಂದ ಕಳೆದ ಕಾಲದಿಂದ, ಅಂದರೆ ಡೆಲ್ಟಾದಿಂದ, ಗುಣಿಸಿ ಸ್ಥಾನಕ್ಕೆ ಕೂಡಿಸಿ. ಗುರುತ್ವವನ್ನೂ ಹಾಗೆಯೇ ಗುಣಿಸಿ ವೇಗಕ್ಕೆ ಕೂಡಿಸಿ. ನೆಗೆತದ ಆರಂಭದ ವೇಗವನ್ನು ಮಾತ್ರ ಒಂದೇ ಸಲ ಕೊಡುವುದರಿಂದ ಅದನ್ನು ಗುಣಿಸಬಾರದು. ನೆಗೆತದ ಎತ್ತರ ಎಲ್ಲೆಡೆ ಒಂದೇ ಇರಬೇಕಾದರೆ ಈ ಲೆಕ್ಕವನ್ನು ಎಂಜಿನ್ನಿನ ಭೌತಿಕ ಹಂತದಲ್ಲಿ, ಅಂದರೆ ಪರದೆ ಯಾವುದೇ ಇರಲಿ ನಿಗದಿತ ಅಂತರಕ್ಕೊಮ್ಮೆ ಚಲನೆಯ ಲೆಕ್ಕ ನಡೆಯುವ ಭಾಗದಲ್ಲಿ, ಇಡಿ. ಗೊಡಾಟ್‌ನಲ್ಲಿ ಅದು ಸೆಕೆಂಡಿಗೆ 60 ಸಲ, ಯೂನಿಟಿಯಲ್ಲಿ 0.02 ಸೆಕೆಂಡಿಗೊಮ್ಮೆ ನಡೆಯುವಂತೆ ಮೊದಲೇ ಹೊಂದಿಸಿರುತ್ತಾರೆ.

ಒಬ್ಬ ಸದಸ್ಯರು: ನನಗೆ ಬಂದ ಫಾರ್ವರ್ಡ್ ಇನ್ನೂ ಸರಳವಾಗಿದೆ: ‘ಎಲ್ಲ ಸಂಖ್ಯೆಗಳನ್ನೂ ಡೆಲ್ಟಾದಿಂದ ಗುಣಿಸಿ, ಆಟ ಎಲ್ಲಿಯೂ ತಪ್ಪುವುದಿಲ್ಲ.’

ಉತ್ತರ: ದಯವಿಟ್ಟು ಇಂತಹ ಮಂತ್ರಗಳನ್ನು ಇಲ್ಲಿ ಹಂಚಬೇಡಿ. ಯಾವುದನ್ನು ಗುಣಿಸಬಾರದೆಂದು ಈಗಷ್ಟೇ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ಆಟಕ್ಕೆ ಸದ್ದುಗಳನ್ನು ಯಾವಾಗ ಸೇರಿಸಬೇಕು?

ಇನ್ನೊಬ್ಬ ಸದಸ್ಯರು: ಗೊಡಾಟ್ ಮುಕ್ತ ತಂತ್ರಾಂಶ. ಅದಿರುವಾಗ ಯೂನಿಟಿಯ ಮಾತೇಕೆ?

ಮತ್ತೊಬ್ಬರು: ಕೆಲಸ ಹುಡುಕಿ ನೋಡಿ, ಆಗ ಏಕೆಂದು ತಿಳಿಯುತ್ತದೆ.

ಇನ್ನೊಬ್ಬ ಸದಸ್ಯರು: ಹವ್ಯಾಸಕ್ಕೆ ಕಲಿಯುವವರಿಗೆ ಕೆಲಸದ ಹೆದರಿಕೆ ಹುಟ್ಟಿಸುವುದು ನಿಮ್ಮ ಚಾಳಿ. ನೀವು ಮುಗಿಸಿದ ಆಟಗಳೆಷ್ಟು?

ಮತ್ತೊಬ್ಬರು: ನಿಮ್ಮದಕ್ಕಿಂತ ಒಂದು ಹೆಚ್ಚು.

ಪ್ರಶ್ನೆ: ಯೂನಿಟಿಯೋ, ಗೊಡಾಟೋ?

ಉತ್ತರ: ಮೇಲೆ ಓದಿ.

ಹಳ್ಳದ ಪ್ರಶ್ನೆ ಕೇಳಿದವರು: ಓಟ ಎರಡೂ ಕಡೆ ಸರಿಯಾಯಿತು, ಆದರೆ ಈಗ ಪಾತ್ರ ನೆಲ ಬಿಟ್ಟು ಏಳುತ್ತಲೇ ಇಲ್ಲ. ನೆಗೆತದ ವೇಗ 480 ಇತ್ತು. ಫಾರ್ವರ್ಡಿನಲ್ಲಿ ಹೇಳಿದಂತೆ ಅದನ್ನೂ ಗುಣಿಸಿದೆ.

ಉತ್ತರ: ಡೆಲ್ಟಾ ನಿಮ್ಮಲ್ಲಿ ಸೆಕೆಂಡಿನ ಅರವತ್ತನೇ ಒಂದು ಭಾಗ, ಅದರಿಂದ ಗುಣಿಸುವುದೆಂದರೆ 60ರಿಂದ ಭಾಗಿಸಿದಂತೆ. 480ನ್ನು 60ರಿಂದ ಭಾಗಿಸಿದರೆ 8. ಸೆಕೆಂಡಿಗೆ 8 ಪಿಕ್ಸೆಲ್ ವೇಗದಲ್ಲಿ ಯಾರು ಹಳ್ಳ ಹಾರುತ್ತಾರೆ? ಆ ಗುಣಾಕಾರವನ್ನು ಅಳಿಸಿ.

ಪ್ರಶ್ನೆ: ಸದ್ದಿನ ಬಗ್ಗೆ ಕೇಳಿದ್ದೆ, ಮೇಡಂ.

ಇನ್ನೊಬ್ಬ ಸದಸ್ಯರು: ಆ ಒಂದು ಆಟದ ಹೆಸರು ಹೇಳಿ, ನೋಡೋಣ.